ಒಂದು ಚಮಚ ಡಿಎಪಿ ಮತ್ತು ಬಾರದ ಮೊಗ್ಗು

ನಮ್ಮ ತಾರಸಿಯ ಮೂಲೆಯಲ್ಲಿ ಕೆಂಪು ದಾಸವಾಳದ ಕುಂಡವೊಂದಿದೆ. ಅತ್ತೆಯವರು ನೆಟ್ಟದ್ದು, ದೇವರಿಗೆ ದಿನಾ ನಾಲ್ಕೈದು ಹೂ ಕೊಡುತ್ತಿದ್ದ ಗಿಡ. ಒಂದು ಮಳೆಗಾಲ ಹೂ ಕಡಿಮೆಯಾಯಿತು. ನರ್ಸರಿಯಲ್ಲಿ ಕೇಳಿದೆ. “ಹದಿನೈದು ದಿನಕ್ಕೊಂದು ಚಮಚ ಡಿಎಪಿ ಹಾಕಿ ಅಮ್ಮಾ, ಹೂ ತಾನಾಗೇ ಬರುತ್ತೆ” ಅಂದರು. ಹಾಕಿದೆ. ಮೊದಲ ತಿಂಗಳು ಗಿಡ ಕಪ್ಪು ಹಸಿರಾಯಿತು, ಹೂವೂ ಒಂದೆರಡು ಹೆಚ್ಚೇ ಬಂತು. ಅದನ್ನು ನೋಡಿ ನಾನು ಚಮಚ ನಿಲ್ಲಿಸಲಿಲ್ಲ. ಐದನೇ ತಿಂಗಳಿಗೆ ತುದಿಯ ಎಳೆ ಎಲೆಗಳು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದವು. ನರಗಳು ಮಾತ್ರ ಹಸಿರು. ಬೆಳಕಿಗೆ ಹಿಡಿದರೆ ಹಳದಿ ಬಟ್ಟೆಯ ಮೇಲೆ ಹಸಿರು ದಾರದ ಕಸೂತಿ ಹಾಕಿದಂತೆ ಕಾಣುತ್ತಿತ್ತು. ಮೊಗ್ಗು ಕಡಲೆಕಾಳಿನ ಗಾತ್ರಕ್ಕೆ ಬಂದು ಉದುರಿಹೋಗುತ್ತಿತ್ತು.

ಆ ಗಿಡ ಹಸಿದಿರಲಿಲ್ಲ. ಒಂದೇ ಪೋಷಕಾಂಶವನ್ನು ಮೇಲಿಂದ ಮೇಲೆ ತಿನ್ನಿಸಿ, ಉಳಿದವನ್ನು ಅದಕ್ಕೆ ಸಿಗದ ಹಾಗೆ ಮಾಡಿದ್ದು ನಾನೇ. ಇದು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು. ಹೂಗಿಡ ಸಾಕುವವರ ನಡುವೆ ಬಾಯಿಂದ ಬಾಯಿಗೆ ಓಡಾಡುವ ಮಾತುಗಳನ್ನು ಒಂದೊಂದಾಗಿ ಎತ್ತಿ ನೋಡಬೇಕು ಅನ್ನಿಸಿದ್ದು ಅಂದಿನಿಂದ.

ತಪ್ಪು ಕಲ್ಪನೆ: ಸಾರಜನಕ ಎಲೆಗೆ, ರಂಜಕ ಹೂವಿಗೆ, ಪೊಟ್ಯಾಷ್ ಹಣ್ಣಿಗೆ. ಹೂ ಬೇಕಾದರೆ ರಂಜಕ ಹೆಚ್ಚಿರುವ ಗೊಬ್ಬರ ಹಾಕಬೇಕು.

ವಾಸ್ತವ: ಹೂಗಿಡದ ಗೊಬ್ಬರದ ವಿಷಯದಲ್ಲಿ ಅತಿ ಹೆಚ್ಚು ಹಾನಿ ಮಾಡಿರುವ ಮಾತು ಇದು. ರಂಜಕವಿಲ್ಲದೆ ಯಾವ ಜೀವಕೋಶವೂ ಬದುಕಲಾರದು, ನಿಜ. ಜೀವಕೋಶದೊಳಗೆ ಶಕ್ತಿ ಸಾಗಿಸುವ ಎಟಿಪಿಯಲ್ಲಿ ಅದಿದೆ, ಡಿಎನ್‌ಎಯಲ್ಲಿ ಅದಿದೆ. ಬೇರಿಗೂ ಬೇಕು, ಎಲೆಗೂ ಬೇಕು, ಹೂವಿಗೂ ಬೇಕು. ಆದರೆ ಎಷ್ಟು ಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಗಿಡವನ್ನು ಪೂರ್ತಿ ಒಣಗಿಸಿ ತೂಗಿದರೆ 100 ಗ್ರಾಂ ಒಣ ಪದಾರ್ಥದಲ್ಲಿ ಸುಮಾರು 3 ಗ್ರಾಂ ಸಾರಜನಕ, 2ರಿಂದ 3 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ರಂಜಕ 0.3 ಗ್ರಾಂ ಆಸುಪಾಸು. ಅಂದರೆ ಸಾರಜನಕದ ಹತ್ತನೇ ಒಂದು ಪಾಲು.

ಈಗ ನನ್ನ ಚಮಚದ ಲೆಕ್ಕ ಹಾಕೋಣ. ಡಿಎಪಿ ಚೀಲದ ಮೇಲೆ 18-46-0 ಎಂದಿರುತ್ತದೆ. ಮೊದಲನೆಯದು ಸಾರಜನಕ, ನೂರಕ್ಕೆ 18. ಎರಡನೆಯದು ನೇರ ರಂಜಕವಲ್ಲ, ರಂಜಕದ ಆಕ್ಸೈಡ್ ರೂಪದ ಲೆಕ್ಕ, ಅದನ್ನು 0.44ರಿಂದ ಗುಣಿಸಿದರೆ ನಿಜವಾದ ರಂಜಕ ಸಿಗುತ್ತದೆ. ಮೂರನೆಯದು ಪೊಟ್ಯಾಷ್, ಡಿಎಪಿಯಲ್ಲಿ ಅದು ಸೊನ್ನೆ. 5 ಗ್ರಾಂನ ಒಂದು ಚಮಚದಲ್ಲಿ 0.9 ಗ್ರಾಂ ಸಾರಜನಕ, ಹೆಚ್ಚುಕಡಿಮೆ 1 ಗ್ರಾಂ ರಂಜಕ ಇರುತ್ತದೆ. ಅಷ್ಟು ಸಾರಜನಕದಿಂದ ಗಿಡ 30 ಗ್ರಾಂ ಒಣ ತೂಕ ಬೆಳೆದೀತು. ಅಷ್ಟು ರಂಜಕ ಮಾತ್ರ 300 ಗ್ರಾಂಗಿಂತ ಹೆಚ್ಚು ಬೆಳವಣಿಗೆಗೆ ಸಾಕು. ತಿಂಗಳಿಗೆ ಎರಡು ಚಮಚದಂತೆ ಐದು ತಿಂಗಳು ಹಾಕಿದರೆ ಕುಂಡದಲ್ಲಿ ಏನು ಉಳಿದಿರಬಹುದು, ನೀವೇ ಯೋಚಿಸಿ. ಸಾರಜನಕವಾದರೂ ನೀರಿನ ಜೊತೆ ತೊಳೆದು ಹೋಗುತ್ತದೆ. ರಂಜಕ ಹಾಗಲ್ಲ, ಮಣ್ಣಿಗೆ ಅಂಟಿಕೊಂಡು ಕೂರುತ್ತದೆ.

ಹಾಗಾದರೆ ಮೊದಲ ತಿಂಗಳು ಗಿಡ ಚೆನ್ನಾಗಿ ಆಯಿತಲ್ಲ? ಆಯಿತು, ಅದು ಡಿಎಪಿಯೊಳಗಿದ್ದ ಸಾರಜನಕದ ಕೆಲಸ. ಹಸಿದಿದ್ದ ಗಿಡಕ್ಕೆ 18 ಪಾಲು ಸಾರಜನಕ ಸಿಕ್ಕಿತು, ಚಿಗುರಿತು, ಚಿಗುರಿನ ತುದಿಯಲ್ಲಿ ಹೂ ಬಂತು. ಹೆಸರು ಬಂದದ್ದು ರಂಜಕಕ್ಕೆ. ಡಿಎಪಿಯ ಬಗ್ಗೆ ನಮ್ಮಲ್ಲಿ ಇಷ್ಟೊಂದು ನಂಬಿಕೆ ಬೇರೂರಿದ್ದು ಹೀಗೇ ಇರಬೇಕು ಅಂತ ನನ್ನ ಎಣಿಕೆ.

ಅತಿಯಾದ ರಂಜಕ ಕಬ್ಬಿಣ ಮತ್ತು ಸತುವನ್ನು ಗಿಡಕ್ಕೆ ಸಿಗದಂತೆ ಮಾಡುತ್ತದೆ. ಮಣ್ಣಿನಲ್ಲೂ ಹಿಡಿದಿಡುತ್ತದೆ, ಗಿಡದೊಳಗೂ ಅವು ಸರಿಯಾಗಿ ಕೆಲಸ ಮಾಡಲು ಬಿಡುವುದಿಲ್ಲ. ನಾನು ಕಂಡ ಹಳದಿ ಎಲೆ, ಹಸಿರು ನರ ಅದರದೇ ಗುರುತು. ಜೊತೆಗೆ, ಬೇರಿನೊಂದಿಗೆ ಕೂಡಿ ಬಾಳುವ ಮೈಕೊರೈಜಾ ಶಿಲೀಂಧ್ರ ರಂಜಕ ತುಂಬಿದ ಮಣ್ಣಿನಲ್ಲಿ ಬೇರಿಗೆ ಸರಿಯಾಗಿ ಹತ್ತುವುದಿಲ್ಲ. ದೂರದ ಮಣ್ಣಿನಿಂದ ರಂಜಕ, ಸತು ಹೀರಿ ತಂದುಕೊಡುತ್ತಿದ್ದ ಆ ಜೊತೆಗಾರನನ್ನೂ ಗಿಡ ಕಳೆದುಕೊಳ್ಳುತ್ತದೆ. ಹೂಗಿಡಗಳಲ್ಲಿ ಹೆಚ್ಚಿನ ರಂಜಕವನ್ನು ಎಲ್ಲಕ್ಕಿಂತ ಕಡಿಮೆ ಸಹಿಸುವವುಗಳಲ್ಲಿ ದಾಸವಾಳವೂ ಒಂದು. ನಾನು ಅದಕ್ಕೇ ಹಾಕಿದ್ದೆ.

ಇಷ್ಟು ಹೇಳಿ ಡಿಎಪಿಯನ್ನು ಪೂರ್ತಿ ತಳ್ಳಿಹಾಕಿದರೆ ಅದೂ ಅನ್ಯಾಯ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಂತೂ ಇನ್ನೂ ಹೆಚ್ಚು. ಚೆಂಡುಹೂವೋ ಸೇವಂತಿಗೆಯೋ ಹೊಲದಲ್ಲಿ ನೆಡುವ ರೈತರು ನಾಟಿಯ ಹೊತ್ತಿಗೆ ಬೇರಿನ ಹತ್ತಿರ ರಂಜಕ ಕೊಡುವುದು ಸರಿಯಾದ ಕ್ರಮವೇ. ಆದರೆ ಅದು ಬೆಳೆಗೆ ಒಮ್ಮೆ ಕೊಡುವುದು, ಅದೂ ಮಣ್ಣು ಪರೀಕ್ಷೆ ನೋಡಿಕೊಂಡು. ಹತ್ತು ಲೀಟರ್ ಮಣ್ಣಿನ ಕುಂಡಕ್ಕೆ ಹದಿನೈದು ದಿನಕ್ಕೊಮ್ಮೆ ಅದನ್ನೇ ಸುರಿಯುವುದಕ್ಕೂ ಆ ಕ್ರಮಕ್ಕೂ ಸಂಬಂಧವಿಲ್ಲ.

ತಪ್ಪು ಕಲ್ಪನೆ: ಸಾರಜನಕ ಕೊಟ್ಟರೆ ಬರೀ ಎಲೆ ಬರುತ್ತದೆ. ಹೂ ಬೇಕಾದವರು ಅದನ್ನು ಮುಟ್ಟಲೇಬಾರದು.

ವಾಸ್ತವ: ಗುಲಾಬಿ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತದೆ. ದಾಸವಾಳವೂ ಹೊಸ ರೆಂಬೆಯಲ್ಲೇ. ಮಲ್ಲಿಗೆ ಬೆಳೆಯುವವರು ಚಳಿಗಾಲದಲ್ಲಿ ಗಿಡ ಸವರಿ, ಗೊಬ್ಬರ ಕೊಟ್ಟು, ನೀರು ಹಾಯಿಸುವುದು ಹೊಸ ಚಿಗುರು ಬರಲೆಂದೇ. ಚಿಗುರಿಲ್ಲದೆ ಮೊಗ್ಗಿಲ್ಲ, ಸಾರಜನಕವಿಲ್ಲದೆ ಚಿಗುರಿಲ್ಲ.

ಸಾರಜನಕ ಬರೀ ಎಲೆಗೆ ಎಂಬ ನಂಬಿಕೆಗೆ ಒಂದು ಇತಿಹಾಸವಿದೆ. 1918ರಲ್ಲಿ ಅಮೆರಿಕದ ಕ್ರೌಸ್ ಮತ್ತು ಕ್ರೇಬಿಲ್ ಟೊಮೆಟೊ ಗಿಡಗಳಿಗೆ ಬೇರೆ ಬೇರೆ ಪ್ರಮಾಣದ ಸಾರಜನಕ ಕೊಟ್ಟು ನೋಡಿದರು. ಅತಿಯಾಗಿ ಸಿಕ್ಕ ಗಿಡಗಳು ಸೊಪ್ಪಾಗಿ ಬೆಳೆದು ಫಲ ಬಿಡಲಿಲ್ಲ. ಈ ಅರ್ಧ ಮಾತ್ರ ಲೋಕಕ್ಕೆಲ್ಲ ಹರಡಿತು. ಸಾರಜನಕ ತೀರಾ ಕಡಿಮೆಯಾದ ಗಿಡಗಳೂ ಫಲ ಬಿಡಲಿಲ್ಲ, ಹದವಾಗಿ ಸಿಕ್ಕವು ಮಾತ್ರ ಚೆನ್ನಾಗಿ ಬಿಟ್ಟವು ಎಂಬ ಇನ್ನರ್ಧ ಅಷ್ಟಾಗಿ ಯಾರಿಗೂ ತಲುಪಲಿಲ್ಲ.

ಅತಿಯಾದರೆ ತೊಂದರೆ ಖಂಡಿತ ಇದೆ. ಯೂರಿಯಾದಲ್ಲಿ 46 ಪಾಲು ಸಾರಜನಕ, ಕುಂಡಕ್ಕೆ ಒಂದು ಚಮಚವೂ ಜಾಸ್ತಿಯೇ. ಚಿಗುರು ನೀರುನೀರಾಗಿ ಮೆತ್ತಗಾಗುತ್ತದೆ. ಸಸ್ಯಹೇನು, ಥ್ರಿಪ್ಸ್ ಮೊದಲು ಬಂದು ಕೂರುವುದು ಅಂಥ ಚಿಗುರಿನ ಮೇಲೆ. ಬೋಗನ್‌ವಿಲ್ಲಾ ಅಂದರೆ ನಮ್ಮ ಕಾಗದದ ಹೂವಿನ ವಿಷಯದಲ್ಲಂತೂ ಆ ಹಳೆಯ ಎಚ್ಚರಿಕೆ ಪೂರ್ತಿ ನಿಜ. ಗೊಬ್ಬರವನ್ನೂ ನೀರನ್ನೂ ಧಾರಾಳವಾಗಿ ಕೊಟ್ಟರೆ ಅದು ಮುಳ್ಳಿನ ಕೋಲುಗಳನ್ನು ಮಾರುದ್ದ ಚಾಚುತ್ತದೆಯೇ ಹೊರತು ಬಣ್ಣ ತರುವುದಿಲ್ಲ. ಬಿಸಿಲಿಗಿಟ್ಟು, ಮಣ್ಣು ಚೆನ್ನಾಗಿ ಒಣಗಿದ ಮೇಲಷ್ಟೇ ನೀರು ಕೊಡುತ್ತಾ ಬಂದರೆ ಗಿಡ ತುಂಬುತ್ತದೆ.

ತಪ್ಪು ಕಲ್ಪನೆ: ಸರಿಯಾದ ಗೊಬ್ಬರ ಹಾಕಿದರೆ ಹೂ ಬರಲೇಬೇಕು.

ವಾಸ್ತವ: ನಮ್ಮ ಬೀದಿಯಲ್ಲಿ ಎರಡು ಮನೆಯಾಚೆ ಒಬ್ಬರು ಅಜ್ಜಿ ಇದ್ದಾರೆ. ಗೇಟಿನ ಪಕ್ಕ ಅವರ ಸೇವಂತಿಗೆ ಕುಂಡ. ಎರೆಗೊಬ್ಬರ, ಕಡಲೆಕಾಯಿ ಹಿಂಡಿ ನೆನೆಸಿದ ನೀರು, ಯಾವುದರಲ್ಲೂ ಕಡಿಮೆ ಮಾಡಿರಲಿಲ್ಲ. ಗಿಡ ಸೊಂಟದೆತ್ತರ ಬೆಳೆದಿತ್ತು, ಒಂದು ಮೊಗ್ಗಿಲ್ಲ. “ಏನು ಕೊಟ್ಟರೂ ಇದಕ್ಕೆ ತೃಪ್ತಿಯಿಲ್ಲ ಕಣಮ್ಮಾ” ಅಂತ ನೊಂದುಕೊಳ್ಳುತ್ತಿದ್ದರು. ಒಂದು ಸಂಜೆ ಅವರ ಜೊತೆ ಮಾತಾಡುತ್ತಾ ನಿಂತಾಗ ಬೀದಿದೀಪ ಹೊತ್ತಿತು. ಬೆಳಕು ನೇರ ಆ ಕುಂಡದ ಮೇಲೆ.

ಸೇವಂತಿಗೆ ಹೂ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ರಾತ್ರಿಯ ಉದ್ದ ನೋಡಿ. ರಾತ್ರಿ ದೊಡ್ಡದಾಗುತ್ತಾ ಹೋದಾಗ ಅದರ ಎಲೆಗಳು ಒಂದು ಸಂದೇಶ ಹೊರಡಿಸುತ್ತವೆ. ಅದು ತುದಿಗೆ ತಲುಪಿ, ಎಲೆ ಆಗಬೇಕಾದ ಕಡೆ ಮೊಗ್ಗು ಮೂಡುತ್ತದೆ. ರಾತ್ರಿಯಿಡೀ ದೀಪ ಉರಿದರೆ ಗಿಡದ ಪಾಲಿಗೆ ರಾತ್ರಿಯೇ ಆಗುವುದಿಲ್ಲ. ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಇದನ್ನು 1920ರಲ್ಲಿ ಪ್ರಕಟಿಸಿದರು. ಬೇಸಿಗೆಯಲ್ಲಿ ಹೂ ಬಿಡದೆ ಆಳೆತ್ತರ ಬೆಳೆದು ನಿಲ್ಲುತ್ತಿದ್ದ ಒಂದು ತಂಬಾಕು ತಳಿ ಅವರನ್ನು ಕಾಡುತ್ತಿತ್ತು. ಪೋಷಣೆ, ತಾಪಮಾನ ಯಾವುದೂ ಕಾರಣವಲ್ಲ ಎಂದಾದ ಮೇಲೆ, ಹಗಲಿನ ಬೆಳಕಿನ ಅವಧಿ ಕಡಿಮೆ ಮಾಡಿ ನೋಡಿದರು, ಹೂ ಬಂತು. ಎಲೆಯಿಂದ ಹೊರಡುವ ಆ ಸಂದೇಶಕ್ಕೆ ಸೋವಿಯತ್ ವಿಜ್ಞಾನಿ ಚೈಲಖ್ಯಾನ್ 1930ರ ದಶಕದಲ್ಲಿ ಫ್ಲೋರಿಜೆನ್ ಎಂದು ಹೆಸರಿಟ್ಟರು. ಅದು ಒಂದು ಪುಟ್ಟ ಪ್ರೋಟೀನು ಎಂದು ಖಚಿತವಾಗಲು 2007ರವರೆಗೆ ಕಾಯಬೇಕಾಯಿತು. ಈ ತೀರ್ಮಾನದಲ್ಲಿ ಗೊಬ್ಬರದ ಚೀಲಕ್ಕೆ ಪಾತ್ರವಿಲ್ಲ. ತೀರ್ಮಾನವಾದ ಮೇಲೆ ಎಷ್ಟು ಹೂ, ಎಷ್ಟು ದೊಡ್ಡ ಹೂ, ಎಷ್ಟು ದಿನ ಎನ್ನುವಲ್ಲಿ ಮಾತ್ರ ಪೋಷಣೆಯ ಕೆಲಸ ಶುರುವಾಗುತ್ತದೆ. ಪಾಲಿಹೌಸಿನಲ್ಲಿ ಸೇವಂತಿಗೆ ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ಗಿಡ ಎತ್ತರವಾಗುವ ತನಕ ರಾತ್ರಿ ಬಲ್ಬು ಹಾಕುತ್ತಾರೆ, ಆಮೇಲೆ ಕಪ್ಪು ಹೊದಿಕೆ ಎಳೆಯುತ್ತಾರೆ.

ಅಜ್ಜಿ ಹೊದಿಕೆ ಹುಡುಕಲಿಲ್ಲ. ಮಿಕ್ಸಿ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಸಂಜೆ ಆರಕ್ಕೆ ಗಿಡದ ಮೇಲೆ ಬೋರಲು ಹಾಕಿ, ಬೆಳಿಗ್ಗೆ ಹಾಲು ತರಲು ಹೊರಟಾಗ ತೆಗೆಯತೊಡಗಿದರು. ತಿಂಗಳೊಳಗೆ ತುದಿತುದಿಗಳಲ್ಲಿ ಹಸಿರು ಗುಂಡಿಯಂಥ ಮೊಗ್ಗು ಕೂತವು.

ತಪ್ಪು ಕಲ್ಪನೆ: ಗೊಬ್ಬರವೇ ಗಿಡದ ಊಟ.

ವಾಸ್ತವ: ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಸುಮಾರು 90 ಕಿಲೋ ಒಣಮಣ್ಣು ತುಂಬಿದ ಕುಂಡದಲ್ಲಿ ಎರಡೂಕಾಲು ಕಿಲೋ ತೂಕದ ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ 77 ಕಿಲೋ ಸಮೀಪಕ್ಕೆ ಬೆಳೆದಿತ್ತು. ಮಣ್ಣು ಕಳೆದುಕೊಂಡಿದ್ದು 60 ಗ್ರಾಂನಷ್ಟು. 1648ರಲ್ಲಿ ಇದು ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ಭಾವಿಸಿದ್ದ. ಗಾಳಿಯ ಇಂಗಾಲದ ಪಾಲು ಗೊತ್ತಾಗಿದ್ದು ಬಹಳ ಆಮೇಲೆ. ಗಿಡ ತನ್ನ ಊಟವನ್ನು ಬಿಸಿಲಿನಲ್ಲಿ ತಾನೇ ಬೇಯಿಸಿಕೊಳ್ಳುತ್ತದೆ, ಗೊಬ್ಬರ ಅದಕ್ಕೆ ಉಪ್ಪು-ಹುಳಿ ಇದ್ದಂತೆ. ಉತ್ತರದ ಬಾಲ್ಕನಿಯಲ್ಲಿ ಎರಡು ಗಂಟೆ ಬಿಸಿಲು ಕಾಣುವ ಗುಲಾಬಿಗೆ ಎಂಥ ಗೊಬ್ಬರ ಕೊಟ್ಟರೂ ಚಿಗುರು ಕುರುಡಾಗಿ, ಮೊಗ್ಗಿಲ್ಲದೆ ನಿಲ್ಲುತ್ತದೆ. ಅದಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಅಷ್ಟು ಸಿಗದ ಕಡೆ ಗುಲಾಬಿಯ ಆಸೆ ಬಿಟ್ಟು ಆಂಥೂರಿಯಂ ಇಟ್ಟುಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ: ಎಲೆ ಹಳದಿಯಾದರೆ ಗೊಬ್ಬರ ಸಾಲದು ಎಂದರ್ಥ.

ವಾಸ್ತವ: ಯಾವ ಎಲೆ ಎಂದು ಮೊದಲು ನೋಡಿ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಗಿಡದೊಳಗೆ ಓಡಾಡಬಲ್ಲವು. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ, ಹಾಗಾಗಿ ಬುಡದ ಎಲೆ ಮೊದಲು ಸೊರಗುತ್ತದೆ. ಕಬ್ಬಿಣ, ಸುಣ್ಣದಂಶ, ಬೋರಾನ್ ಕೂತಲ್ಲಿಂದ ಕದಲವು. ಅವುಗಳ ಕೊರತೆ ತುದಿಯಲ್ಲಿ ಕಾಣುತ್ತದೆ. ಬುಡದ ಎಲೆ ಪೂರ್ತಿ ಹಳದಿಯಾದರೆ ಸಾರಜನಕ, ಬುಡದ ಎಲೆಯಲ್ಲಿ ನರಗಳ ನಡುವೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ, ತುದಿಯ ಎಲೆಯಲ್ಲಿ ಹಾಗಾದರೆ ಕಬ್ಬಿಣ.

ಬೆಂಗಳೂರಿನಂಥ ಊರಿನಲ್ಲಿ ಈ ಕೊನೆಯದೇ ಹೆಚ್ಚು. ಗಡಸು ಬೋರ್‌ವೆಲ್ ನೀರು ವರ್ಷಗಟ್ಟಲೆ ಹಾಕಿದ ಕುಂಡದ ಮಣ್ಣಿನ ರಸಸಾರ (ಪಿಎಚ್) ಏರುತ್ತಾ ಹೋಗುತ್ತದೆ. ಕಬ್ಬಿಣ ಮಣ್ಣಿನಲ್ಲೇ ಇದ್ದರೂ ಬೇರಿಗೆ ಸಿಗದ ರೂಪದಲ್ಲಿರುತ್ತದೆ. ಕರಾವಳಿಯ ಹುಳಿಮಣ್ಣಿನಲ್ಲಿ ಗುಡ್ಡದ ತುಂಬ ಯಾರ ಹಂಗೂ ಇಲ್ಲದೆ ಅರಳುವ ಕೇಪಳ ಇಲ್ಲಿಗೆ ತಂದರೆ ಬಿಳಿಚಿಕೊಳ್ಳುವುದು ಇದಕ್ಕೇ. ಗೊಬ್ಬರ ಹೆಚ್ಚಿಸಿ ಪ್ರಯೋಜನವಿಲ್ಲ. ಮಳೆನೀರು ಹಿಡಿದು ಹಾಕುವುದು, ಮಣ್ಣು ಬದಲಿಸುವುದು, ತುರ್ತಿಗೆ ಇಡಿಡಿಎಚ್‌ಎ ರೂಪದ ಕಬ್ಬಿಣ ಕೊಡುವುದು ಸರಿ. ಇಡಿಟಿಎ ಎಂದು ಬರೆದಿರುವ ಕಬ್ಬಿಣ ಕ್ಷಾರ ಮಣ್ಣಿನಲ್ಲಿ ಬೇಗ ಕೆಲಸ ಕಳೆದುಕೊಳ್ಳುತ್ತದೆ, ಕೊಳ್ಳುವಾಗ ಅಕ್ಷರ ಓದಿಕೊಳ್ಳಿ.

ತಪ್ಪು ಕಲ್ಪನೆ: ಹೈಡ್ರಾಂಜಿಯ ಬುಡಕ್ಕೆ ತುಕ್ಕು ಮೊಳೆ ಹೂತರೆ ಹೂ ನೀಲಿಯಾಗುತ್ತದೆ.

ವಾಸ್ತವ: ಕೊಡಗಿನ ಮನೆಗಳ ಅಂಗಳದಲ್ಲಿ, ಊಟಿಯ ತೋಟಗಳಲ್ಲಿ ಈ ಹೂವಿನ ನೀಲಿ ಗೊಂಚಲು ನೋಡಿದವರು ಒಂದು ಗಿಡ ತಂದು ಬಯಲುಸೀಮೆಯಲ್ಲಿ ನೆಟ್ಟರೆ ಗುಲಾಬಿ ಬಣ್ಣ ಬರುತ್ತದೆ. ಮೋಸವಾಯಿತೆಂದು ತಿಳಿಯುತ್ತಾರೆ. ಗಿಡ ಅದೇ, ಮಣ್ಣು ಬೇರೆ. ನೀಲಿಗೆ ಕಾರಣ ಕಬ್ಬಿಣವಲ್ಲ, ಅಲ್ಯೂಮಿನಿಯಂ. ರಸಸಾರ 5.5ಕ್ಕಿಂತ ಕಡಿಮೆಯಿರುವ ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ, ಬೇರಿನ ಮೂಲಕ ದಳದವರೆಗೆ ಹೋಗಿ ಅಲ್ಲಿನ ಬಣ್ಣದೊಂದಿಗೆ ಕೂಡುತ್ತದೆ. ಇಲ್ಲೂ ನಮ್ಮ ರಂಜಕ ಅಡ್ಡ ಬರುತ್ತದೆ: ಹೆಚ್ಚಾದ ರಂಜಕ ಅಲ್ಯೂಮಿನಿಯಂ ಅನ್ನು ಮಣ್ಣಿನಲ್ಲೇ ಕಟ್ಟಿಹಾಕುತ್ತದೆ. ಹೂ ಬೇಕೆಂದು ಡಿಎಪಿ ಹಾಕಿದರೆ ನೀಲಿ ಮಾಸುತ್ತದೆ. ಬಿಳಿ ಹೈಡ್ರಾಂಜಿಯ ಮಾತ್ರ ಯಾವುದಕ್ಕೂ ನೀಲಿಯಾಗದು.

ತಪ್ಪು ಕಲ್ಪನೆ: ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಮೊಟ್ಟೆ ಚಿಪ್ಪು, ಎಪ್ಸಮ್ ಉಪ್ಪು ಇದ್ದರೆ ಬೇರೇನೂ ಬೇಡ.

ವಾಸ್ತವ: ಸಿಪ್ಪೆ ನೀರಿನಲ್ಲಿ ಒಂದಿಷ್ಟು ಪೊಟ್ಯಾಸಿಯಂ ಇಳಿಯುತ್ತದೆ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಸಿಪ್ಪೆಯನ್ನು ಕಾಂಪೋಸ್ಟಿಗೆ ಹಾಕುವುದೇ ಮೇಲು. ಮೊಟ್ಟೆ ಚಿಪ್ಪು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಷಾರ ಮಣ್ಣಿನಲ್ಲಿ ಎಷ್ಟೋ ವರ್ಷ ಹಾಗೇ ಬಿದ್ದಿರುತ್ತದೆ. ಎಪ್ಸಮ್ ಉಪ್ಪು ಮೆಗ್ನೀಸಿಯಂ ಮತ್ತು ಗಂಧಕ ಮಾತ್ರ. ಆ ಕೊರತೆ ಇದ್ದರೆ ಗುಣ ಕೊಡುತ್ತದೆ. ಇಲ್ಲದಿದ್ದರೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಹೀರುವ ದಾರಿಗೆ ಅಡ್ಡ ನಿಲ್ಲುತ್ತದೆ.

ತಪ್ಪು ಕಲ್ಪನೆ: ಸಾವಯವ ಎಷ್ಟು ಹಾಕಿದರೂ ಹಾನಿಯಿಲ್ಲ, ರಾಸಾಯನಿಕ ಒಂದು ಚಿಟಿಕೆಯೂ ವಿಷ.

ವಾಸ್ತವ: ಬೇರು ಹೀರುವ ನೈಟ್ರೇಟ್ ಬೇವಿನ ಹಿಂಡಿಯಿಂದ ಬಂದರೂ ಒಂದೇ, ಚೀಲದಿಂದ ಬಂದರೂ ಒಂದೇ. ವ್ಯತ್ಯಾಸವಿರುವುದು ವೇಗದಲ್ಲಿ, ಮಣ್ಣಿನಲ್ಲಿ. ಹಿಂಡಿಯನ್ನು ಸೂಕ್ಷ್ಮಜೀವಿಗಳು ಕೊಳೆಯಿಸಿ ಬಿಡಿಸಿಕೊಡಬೇಕು, ಅದಕ್ಕೆ ವಾರಗಳು ಬೇಕು. ಆ ಕೊಳೆಯುವಿಕೆಯೇ ಮಣ್ಣನ್ನು ಸಡಿಲವಾಗಿ, ಜೀವಂತವಾಗಿ ಇಡುತ್ತದೆ. ಚೀಲದ ಹರಳಿಗೆ ಆ ಗುಣವಿಲ್ಲ. ಕಾಂಪೋಸ್ಟಿಲ್ಲದ ಕುಂಡವನ್ನು ನಾನು ಇಡುವುದೇ ಇಲ್ಲ. ಆದರೆ ಹಸಿ ಸಗಣಿ, ನೆನೆಯದ ಕಡಲೆಕಾಯಿ ಹಿಂಡಿಯನ್ನು ಬುಡಕ್ಕೆ ಒತ್ತಿ ಬೇರು ಸುಟ್ಟುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಮೂಳೆಪುಡಿಯಲ್ಲಿ ಇರುವುದೂ ಮುಖ್ಯವಾಗಿ ರಂಜಕವೇ. ರಸಸಾರ 7 ದಾಟಿದ ಮಣ್ಣಿನಲ್ಲಿ ಅದು ಕರಗುವುದೇ ಕಷ್ಟ.

ತಪ್ಪು ಕಲ್ಪನೆ: ಬಾಡಿದ ಗಿಡಕ್ಕೆ ಗೊಬ್ಬರ ಕೊಟ್ಟರೆ ಚೇತರಿಸಿಕೊಳ್ಳುತ್ತದೆ.

ವಾಸ್ತವ: ರಸಗೊಬ್ಬರ ಅಂದರೆ ಉಪ್ಪು. ಒಣಮಣ್ಣಿಗೆ ಬಿದ್ದರೆ ಅದು ಬೇರಿನಿಂದಲೇ ನೀರೆಳೆಯುತ್ತದೆ. ಕುಂಡದ ಅಂಚಿನಲ್ಲಿ ಬಿಳಿಯ ಹೆಪ್ಪು, ಎಲೆಯ ತುದಿಯಲ್ಲಿ ಕಂದು ಸುಟ್ಟಗೆರೆ ಕಂಡರೆ ಗೊಬ್ಬರ ನಿಲ್ಲಿಸಿ, ತಳದಿಂದ ಧಾರಾಳವಾಗಿ ಹರಿದುಹೋಗುವಂತೆ ಎರಡು ಮೂರು ಸಲ ಒಳ್ಳೆಯ ನೀರು ಹಾಕಬೇಕು. ಗೊಬ್ಬರ ಹಾಕುವುದಿದ್ದರೆ ಹಿಂದಿನ ದಿನ ನೀರುಂಡ ಗಿಡಕ್ಕೆ, ತೆಳುವಾಗಿ. ನರ್ಸರಿಯಿಂದ ಹೂ ತುಂಬಿ ಬಂದ ಗಿಡ ಮನೆಯಲ್ಲಿ ಸೊರಗುವುದಕ್ಕೂ ಕಾರಣ, ಹಲವರು ಅಂದುಕೊಳ್ಳುವಂತೆ, ನರ್ಸರಿಯವರು ಹಾಕುತ್ತಿದ್ದ ಯಾವುದೋ ಮದ್ದು ನಿಂತದ್ದಲ್ಲ. ಅದು ಬಂದಿರುವುದು ಬರೀ ತೆಂಗಿನನಾರಿನ ಪುಡಿಯಲ್ಲಿ. ಅದರಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಕ್ಯಾಲ್ಸಿಯಂ ಮೆಗ್ನೀಸಿಯಂ ಕೊಟ್ಟರೂ ಹಿಡಿದುಕೊಳ್ಳುತ್ತದೆ. ಅಲ್ಲಿ ದಿನವೂ ನೀರಿನ ಜೊತೆ ಸ್ವಲ್ಪ ಸ್ವಲ್ಪ ಪೋಷಕಾಂಶ ಸಿಗುತ್ತಿತ್ತು, ಇಲ್ಲಿ ಬರೀ ನೀರು.

ನನ್ನ ದಾಸವಾಳಕ್ಕೆ ಕೊನೆಗೆ ಮಾಡಿದ್ದು ಇಷ್ಟು. ಕುಂಡ ಕವುಚಿ, ಬೇರಿನ ಹೊರಸುತ್ತಿನ ಹಳೆಯ ಮಣ್ಣು ಉದುರಿಸಿ, ಕೆಮ್ಮಣ್ಣು, ಕಾಂಪೋಸ್ಟು, ತುಸು ನಾರಿನ ಪುಡಿ ಸೇರಿಸಿ ಮತ್ತೆ ನೆಟ್ಟೆ. ರೆಂಬೆಗಳನ್ನು ಮೂರನೇ ಒಂದು ಭಾಗ ಸವರಿದೆ. ಒಂದು ತಿಂಗಳು ಗೊಬ್ಬರವೇ ಇಲ್ಲ. ಆಮೇಲೆ ಹದಿನೈದು ದಿನಕ್ಕೊಮ್ಮೆ, ಲೀಟರಿಗೆ 1 ಗ್ರಾಂನಂತೆ ಸರದಿಯಲ್ಲಿ: ಒಮ್ಮೆ 19:19:19, ಮುಂದಿನ ಸಲ 13:0:45, ಅದರ ಮುಂದಿನ ಸಲ ಕ್ಯಾಲ್ಸಿಯಂ ನೈಟ್ರೇಟ್. ಮೂರನ್ನೂ ಕೂಡಿ ನೋಡಿದರೆ ಸಾರಜನಕ, ಪೊಟ್ಯಾಷ್ ಮುಂದೆ, ರಂಜಕ ಹಿಂದೆ. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕವಿರುವುದರ ಜೊತೆ ಗಟ್ಟಿಯಾಗಿ ಕಲಸಬೇಡಿ, ಸುಣ್ಣದಂತೆ ತಳಕ್ಕಿಳಿದು ಎರಡೂ ವ್ಯರ್ಥ. ಕುಂಡವನ್ನು ನೀರಿನ ಟ್ಯಾಂಕಿನ ನೆರಳಿನಿಂದ ಪೂರ್ವದ ಗೋಡೆಗೆ ಸರಿಸಿದೆ. ಮೂರನೇ ವಾರ ಬಂದ ಚಿಗುರು ಹಸಿರಾಗಿತ್ತು. ಮೊದಲ ಮೊಗ್ಗು ಉದುರಲಿಲ್ಲ, ಎರಡನೆಯದೂ ಉದುರಲಿಲ್ಲ. ಈಗ ಬೆಳಿಗ್ಗೆ ಬುಟ್ಟಿ ಹಿಡಿದು ಹೋದರೆ ಆರು ಹೂ ಸಿಗುತ್ತವೆ, ಒಂದನ್ನು ಗಿಡದಲ್ಲೇ ಬಿಟ್ಟು ಬರುತ್ತೇನೆ.